ಹಳೆಯ ಮ್ಯಾಸಿ ಟ್ರ್ಯಾಕ್ಟರಿನ ಸೆಲ್ಫ್: ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಹೊಳೆನರಸೀಪುರದ ಅಣ್ಣನವರಿಗೆ ನಮಸ್ಕಾರ. ನಿಮ್ಮ ಮ್ಯಾಸಿ ಫರ್ಗ್ಯೂಸನ್ 1035 ಟ್ರ್ಯಾಕ್ಟರಿನ ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು ಬಂದು ಸುಮ್ಮನಾಗುತ್ತದೆ, ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿದರೆ ಎಂಜಿನ್ ಏಳುತ್ತದೆ, ಮೆಕ್ಯಾನಿಕ್ ಮಾತ್ರ ಸೆಲ್ಫ್ (ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟಾರ್) ಪೂರ್ತಿ ಹೋಗಿದೆ ಎನ್ನುತ್ತಿದ್ದಾರೆ, ಈಗ ಹೊಸದೋ ರಿಪೇರಿಯೋ ಎಂದು ಕೇಳಿದ್ದೀರಿ. ನಾನು ಅರಕಲಗೂಡು ಕಡೆಯವನು. ನಮ್ಮಲ್ಲಿಯೂ ಇದೇ 1035 ಇದೆ, ಅದರ ಸೆಲ್ಫ್ ಬಿಚ್ಚಿ ಜೋಡಿಸಿದ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಆ ಸ್ಕ್ರೂಡ್ರೈವರ್ ಕೆಲಸ ಇವತ್ತೇ ನಿಲ್ಲಿಸಿ. ನೆಲದ ಮೇಲೆ, ದೊಡ್ಡ ಚಕ್ರದ ಮುಂದೆ ನಿಂತು ಶಾರ್ಟ್ ಮಾಡುವಾಗ ಗೇರ್ ಬಿದ್ದಿದ್ದರೆ ಗಾಡಿ ಎದ್ದ ಕ್ಷಣವೇ ನಿಮ್ಮ ಮೇಲೆ ಹತ್ತುತ್ತದೆ. ನ್ಯೂಟ್ರಲ್ ಇದ್ದರೆ ಅಥವಾ ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗಲಿ ಎಂದು ಕಂಪನಿಯವರು ಇಟ್ಟಿರುವ ಸೇಫ್ಟಿ ಸ್ವಿಚ್ಚನ್ನು ಆ ಸ್ಕ್ರೂಡ್ರೈವರ್ ದಾಟಿಹೋಗುತ್ತದೆ. ಟ್ರ್ಯಾಕ್ಟರ್ ಅಡಿ ಸಿಕ್ಕಿ ಸತ್ತವರಲ್ಲಿ ಹೀಗೆ ಸತ್ತವರೂ ಇದ್ದಾರೆ. ಪಕ್ಕದಲ್ಲಿ ಮಕ್ಕಳು ನಿಂತು ನೋಡುತ್ತಿರುತ್ತಾರೆ ಎಂದೂ ಬರೆದಿದ್ದೀರಿ, ಅದನ್ನು ಓದಿ ಭಯವಾಯಿತು.

ಆದರೆ ಆ ಸ್ಕ್ರೂಡ್ರೈವರ್ ಒಂದು ವಿಷಯ ಹೇಳಿಕೊಟ್ಟಿದೆ. ನೀವು ಮುಟ್ಟಿಸುತ್ತಿದ್ದದ್ದು ಬ್ಯಾಟರಿಯ ದಪ್ಪ ಕೇಬಲ್ ಬಂದು ಕೂರುವ ಬೋಲ್ಟ್ ಮತ್ತು ಕೀಯಿಂದ ಸಣ್ಣ ವೈರ್ ಬರುವ ಟರ್ಮಿನಲ್, ಇವೆರಡಕ್ಕೆ ತಾನೇ? ಹಾಗಿದ್ದರೆ ನಿಮ್ಮ ಸೆಲ್ಫ್ ಬದುಕಿದೆ. ಸೊಲೆನಾಯ್ಡ್ (ಸೆಲ್ಫಿನ ವಿದ್ಯುತ್ ಅಯಸ್ಕಾಂತದ ಸ್ವಿಚ್) ಎಳೆಯುತ್ತಿದೆ, ಮೋಟಾರ್ ತಿರುಗುತ್ತಿದೆ, ಪಿನಿಯನ್ (ಸೆಲ್ಫಿನ ತುದಿಯ ಸಣ್ಣ ಹಲ್ಲಿನ ಚಕ್ರ) ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲ್‌ಗೆ ಕಚ್ಚುತ್ತಿದೆ. ಕೊರತೆ ಇರುವುದು ಕೀಯಿಂದ ಆ ಸಣ್ಣ ಟರ್ಮಿನಲ್‌ವರೆಗಿನ ದಾರಿಯಲ್ಲಿ. ಹಳೆಯ ಕೀ ಸ್ವಿಚ್ಚಿನ ಒಳಗೆ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಸೇಫ್ಟಿ ಸ್ವಿಚ್ಚಿನ ಪಿನ್ ಸಡಿಲವಾಗಿರುತ್ತದೆ, ವೈರ್ ಜಾಯಿಂಟ್ ಹಸಿರುಗಟ್ಟಿರುತ್ತದೆ. ಅರೆಬರೆ ಕರೆಂಟ್ ತಲುಪಿದಾಗ ಸೊಲೆನಾಯ್ಡ್ ಟಕ್ ಎಂದು ಅಲುಗಾಡುತ್ತದೆಯೇ ಹೊರತು ಕೊನೆಯವರೆಗೆ ಎಳೆಯುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಎಂಜಿನ್ ಏಳದಂತೆ ಸ್ಟಾಪ್ ಕೇಬಲ್ ಎಳೆದಿಡಿ. ಒಬ್ಬರು ಸೀಟಿನಲ್ಲಿ ಕುಳಿತು ಕೀ ತಿರುಗಿಸಲಿ. ಚಕ್ರದ ದಾರಿಗೆ ಬರದಂತೆ ನಿಂತು, ಮೀಟರಿನ ಕೆಂಪು ತುದಿಯನ್ನು ಸಣ್ಣ ಟರ್ಮಿನಲ್‌ಗೆ, ಕಪ್ಪು ತುದಿಯನ್ನು ಸೆಲ್ಫ್ ಬಾಡಿಗೆ ಹಿಡಿಯಿರಿ. ಅಲ್ಲಿ ಏಳೆಂಟು ವೋಲ್ಟ್ ಮಾತ್ರ ಬಂದು, ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಹನ್ನೆರಡು ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಆ ದಾರಿಯ ವೈರ್ ಜಾಯಿಂಟ್ ಸರಿಯಿದ್ದರೆ ಕೀ ಸ್ವಿಚ್ ಬದಲಿಸಿ. ಅದರ ಜೊತೆಗೆ ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ಒಂದನ್ನು ಮಧ್ಯೆ ಹಾಕಿಸುವುದು ಒಳ್ಳೆಯದು: ಸೊಲೆನಾಯ್ಡ್‌ನ ಹೊರೆ ರಿಲೇ ಹೊರುತ್ತದೆ, ಕೀ ಸ್ವಿಚ್ ಬಹಳ ಕಾಲ ಬಾಳುತ್ತದೆ. ಸೇಫ್ಟಿ ಸ್ವಿಚ್ಚನ್ನು ಮಾತ್ರ ನೇರ ಜೋಡಿಸಿ ಕೈಬಿಡಬೇಡಿ. ಕೆಟ್ಟಿದ್ದರೆ ಅದನ್ನೂ ಹೊಸದು ಹಾಕಿಸಿ.

ಸಣ್ಣ ಟರ್ಮಿನಲ್‌ಗೆ ಕರೆಂಟ್ ಸರಿಯಾಗಿ ಬಂದರೂ ಟಕ್ ಮಾತ್ರ ಎಂದಾದರೆ ರಾತ್ರಿ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ, ಕೇಬಲ್ ಹಿಡಿತ ಕೆಟ್ಟಿದೆ, ಇಲ್ಲವೇ ಮೋಟಾರ್ ಒಳಗೆ ಬಿಗಿದುಕೊಂಡಿದೆ. ಲೈಟ್ ಚೂರೂ ಮಂಕಾಗದೆ ಟಕ್ ಎಂದರೆ ದಪ್ಪ ಕರೆಂಟ್ ಮೋಟಾರಿಗೆ ಹೋಗುತ್ತಲೇ ಇಲ್ಲ. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಕಾರ್ಬನ್ (ಮೋಟಾರ್ ಒಳಗಿನ ತಿರುಗುವ ಭಾಗಕ್ಕೆ ಉಜ್ಜಿ ಕರೆಂಟ್ ಕೊಡುವ ತುಂಡು) ಸವೆದಿದೆ. ಟಕಟಕಟಕ ಎಂದು ಬಡಿದುಕೊಂಡರೆ ಬಹುಪಾಲು ಬ್ಯಾಟರಿಯದೇ ದೋಷ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಸೆಲ್ಫ್ ತಿರುಗುವಾಗ ಹತ್ತರ ಹತ್ತಿರ ನಿಲ್ಲಬೇಕು. ಒಂಬತ್ತಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ, ಲೋಡ್ ಹಾಕಿ ಪರೀಕ್ಷೆ ಮಾಡಿಸಿ.

ಅರ್ಥ್, ಅಂದರೆ ಗಾಡಿಯ ಕಬ್ಬಿಣದ ಮೂಲಕ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಮ್ಮದು ಕಾಲುವೆ ನೀರಿನ ಭತ್ತದ ಗದ್ದೆ, ಕೇಜ್‌ವೀಲ್ ಹಾಕಿ ಕೆಸರು ಹೊಡೆಯುತ್ತೀರಿ. ಆ ಕೆಸರೆಲ್ಲ ಹೋಗಿ ಕೂರುವುದು ಬ್ಯಾಟರಿಯ ನೆಗೆಟಿವ್ ಪಟ್ಟಿ ಚಾಸಿಗೆ ಸೇರುವ ಬೋಲ್ಟಿನ ಮೇಲೆ. ಮೇಲೆ ನೋಡಿದರೆ ಬಿಗಿಯಾಗಿಯೇ ಇರುತ್ತದೆ. ಬಿಚ್ಚಿದರೆ ಕೇಬಲ್ ತುದಿಯ ಲಗ್ಗಿನ ಕೆಳಗೆ ತುಕ್ಕಿನ ಪುಡಿ, ಹಳೆಯ ಪೇಂಟ್, ಒಣಗಿದ ಮಣ್ಣು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ (ಕ್ಲಾಂಪಿಗಲ್ಲ), ಇನ್ನೊಂದನ್ನು ಸೆಲ್ಫ್ ಬಾಡಿಗೆ ಹಿಡಿದು ಕೀ ತಿರುಗಿಸಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೂ ಹೀಗೆಯೇ ಅಳೆಯಿರಿ. ಬೋಲ್ಟ್ ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ.

ಇಷ್ಟಾದ ಮೇಲೂ ಆಗದಿದ್ದರೆ ಮಾತ್ರ ಸೆಲ್ಫ್ ಇಳಿಸಿ. ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ, ವೈರ್‌ಗಳ ಫೋಟೋ ತೆಗೆದುಕೊಳ್ಳಿ. ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗಿನಿಂದ ಇನ್ನೊಬ್ಬರು ಆನಿಸಿ ಹಿಡಿಯಲಿ, ಒಂದೇ ಕೈಯಲ್ಲಿ ನಿಲ್ಲುವ ತೂಕವಲ್ಲ ಅದು. ಇಳಿಸಿದ ಮೇಲೆ ಆ ತೂತಿನಿಂದ ಟಾರ್ಚ್ ಬಿಟ್ಟು ಫ್ಲೈವೀಲ್‌ನ ರಿಂಗ್ ಗೇರ್ ಹಲ್ಲುಗಳನ್ನು ಒಂದು ಸುತ್ತು ಪೂರ್ತಿ ನೋಡಿ. ಮೂರು ಸಿಲಿಂಡರ್ ಎಂಜಿನ್ ನಿಲ್ಲುವುದು ಹೆಚ್ಚಾಗಿ ಅದೇ ಮೂರು ಜಾಗಗಳಲ್ಲಿ, ಹಾಗಾಗಿ ಹಲ್ಲು ಸವೆಯುವುದೂ ಅಲ್ಲೇ. ಹಲ್ಲು ಹೋಗಿದ್ದರೆ ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಆಗುವಂತೆ ಗಾಡಿಯನ್ನು ನಡುವೆ ಬಿಡಿಸಬೇಕಾಗುತ್ತದೆ. ಅದನ್ನು ನೋಡದೆ ಹೊಸ ಸೆಲ್ಫ್ ಹಾಕಿದರೆ ಹೊಸ ಪಿನಿಯನ್ನೂ ಹಾಳು.

ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಕೊಟ್ಟಾಗ ಎದುರಿಗೇ ಬಿಚ್ಚಿಸಿ. ಕಾರ್ಬನ್ ಹೊಸದರ ಅರ್ಧಕ್ಕಿಂತ ಸವೆದಿದ್ದರೆ ಸೆಟ್ಟನ್ನೇ ಬದಲಿಸಲಿ. ಮೋಟಾರ್ ಒಳಗೆ ತಿರುಗುವ ಆರ್ಮೇಚರ್ ಮೈಮೇಲೆ ಒಂದು ಬದಿ ಉಜ್ಜಿದ ಹೊಳಪಿನ ಗುರುತು ಇದ್ದರೆ ಬುಷ್ (ಶಾಫ್ಟ್ ಕೂತು ತಿರುಗುವ ಲೋಹದ ಬಳೆ) ಸವೆದು ಆರ್ಮೇಚರ್ ಸುತ್ತಲಿನ ಫೀಲ್ಡಿನ ಕಬ್ಬಿಣಕ್ಕೆ ತಾಗುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದಾಗ ಮಾತ್ರ ಸೆಲ್ಫ್ ಸೋಲುವುದಕ್ಕೆ ಇದೂ ಒಂದು ಕಾರಣ. ಬುಷ್ ಬೆಲೆ ಅತಿ ಕಡಿಮೆ. ಹಾಕುವ ಮೊದಲು ಅದನ್ನು ಎಂಜಿನ್ ಆಯಿಲಿನಲ್ಲಿ ನೆನೆಸಿಡಬೇಕು. ಕಮ್ಯುಟೇಟರ್ (ಆರ್ಮೇಚರ್ ತುದಿಯಲ್ಲಿ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳು) ಕಪ್ಪಾಗಿದ್ದರೆ ನಯವಾದ ಗ್ಲಾಸ್ ಪೇಪರ್ ಸಾಕು, ಎಮರಿ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಸಿಕ್ಕಿ ಶಾರ್ಟ್ ಮಾಡಬಹುದು. ಒಳಗೆಲ್ಲ ಎಂಜಿನ್ ಆಯಿಲ್ ಮೆತ್ತಿಕೊಂಡಿದ್ದರೆ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿದೆ. ಸೀಲ್ ಸರಿಪಡಿಸದೆ ಸೆಲ್ಫ್ ಎಷ್ಟು ಸಲ ಮಾಡಿಸಿದರೂ ಹಣ ದಂಡ.

ನನ್ನ ಅಭಿಪ್ರಾಯ ಇಷ್ಟು: ಕಾರ್ಬನ್, ಬುಷ್, ಸೊಲೆನಾಯ್ಡ್, ಪಿನಿಯನ್ ಡ್ರೈವ್ ಇವುಗಳ ಮಟ್ಟಿಗೆ ರಿಪೇರಿಯೇ ಸರಿ. ಹಳೆಯ ಸೆಲ್ಫಿನ ಬಾಡಿ ಮತ್ತು ವೈಂಡಿಂಗ್ ಗಟ್ಟಿ, ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದು. ಆರ್ಮೇಚರ್ ಶಾಫ್ಟಿಗೂ ಕಮ್ಯುಟೇಟರ್ ಪಟ್ಟಿಗೂ ಮೀಟರಿನಲ್ಲಿ ಕಂಟಿನ್ಯುಟಿ ಸಿಕ್ಕರೆ ವೈಂಡಿಂಗ್ ಶಾರ್ಟ್. ಅದರ ಜೊತೆಗೆ ಫೀಲ್ಡ್ ಕಾಯಿಲೂ ಸುಟ್ಟಿದ್ದರೆ ರೀವೈಂಡಿಂಗಿಗೆ ದುಡ್ಡು ಸುರಿಯಬೇಡಿ, ಆಗ ಹೊಸದೇ ಲೇಸು. ಕೊಳ್ಳುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ತಗಡಿನ ಮೇಲಿನ ಪಾರ್ಟ್ ನಂಬರ್, ಪಿನಿಯನ್ ಹಲ್ಲುಗಳ ಎಣಿಕೆ, ತಿರುಗುವ ದಿಕ್ಕು, ಫ್ಲ್ಯಾಂಜ್ ಬೋಲ್ಟುಗಳ ಜಾಗ ಎಲ್ಲವೂ ತಾಳೆಯಾಗಬೇಕು. ಈಗ ಒಳಗೆ ಗೇರ್ ಇಟ್ಟು ವೇಗ ಇಳಿಸಿ ಬಲ ಹೆಚ್ಚಿಸುವ ಗೇರ್ ರಿಡಕ್ಷನ್ ಮಾದರಿಯವು ಸಿಗುತ್ತವೆ. ಹಗುರ, ಕಡಿಮೆ ಕರೆಂಟಿನಲ್ಲಿ ಬಲವಾಗಿ ತಿರುಗಿಸುತ್ತವೆ. ನಿಮ್ಮ ಎಂಜಿನ್ನಿಗೆ ಹೊಂದುವ ನಂಬರ್ ಸಿಕ್ಕರೆ ತೆಗೆದುಕೊಳ್ಳಬಹುದು. ಬಿಲ್ಲಿಲ್ಲದ ಡಬ್ಬಿಯ ಮಾಲು ಎಷ್ಟೇ ಅಗ್ಗವಾದರೂ ಬೇಡ.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರೂ ಈ ಗುಂಪಿನಲ್ಲಿ ಇದ್ದೀರಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಪಿನಿಯನ್ ಜಾರುವ ಶಾಫ್ಟಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಮೋಟಾರ್ ಗುಂಯ್ ಎಂದು ತಿರುಗಿದರೂ ಎಂಜಿನ್ ಅಲುಗಾಡುವುದಿಲ್ಲ. ಆ ಜಾಗಕ್ಕೆ ದಪ್ಪ ಗ್ರೀಸ್ ತುಂಬಬೇಡಿ, ಕ್ಲಚ್ ಪ್ಲೇಟಿನ ಧೂಳು ಅಂಟಿ ಇನ್ನಷ್ಟು ಬಿಗಿಯುತ್ತದೆ. ಡೀಸೆಲಿನಲ್ಲಿ ತೊಳೆದು ಒರೆಸಿ ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಸೆಲ್ಫನ್ನು ಮರಳಿ ಕೂರಿಸುವಾಗ ಅದು ಕೂರುವ ಮುಖದ ಪೇಂಟ್, ಮಣ್ಣು ಕೆರೆದು ತೆಗೆಯಿರಿ, ಅದರ ಅರ್ಥ್ ಹೋಗುವುದು ಅಲ್ಲಿಂದಲೇ. ನೆಗೆಟಿವ್ ಕೇಬಲ್ ಕೊನೆಗೆ ಹಾಕಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಅಷ್ಟಕ್ಕೂ ಎಂಜಿನ್ ಹಿಡಿಯದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಇದೆಯೇ, ಫಿಲ್ಟರ್ ಕಟ್ಟಿದೆಯೇ ನೋಡಿ. ಸಣ್ಣ ಟರ್ಮಿನಲ್‌ನಲ್ಲಿ ಎಷ್ಟು ವೋಲ್ಟ್ ಬಂತು ಎಂಬುದನ್ನೂ ಸೆಲ್ಫಿನ ತಗಡಿನ ಫೋಟೋವನ್ನೂ ಇಲ್ಲಿ ಹಾಕಿ. ಅದನ್ನು ನೋಡಿ ಮುಂದಿನದ್ದು ಹೇಳುತ್ತೇನೆ, ಅಲ್ಲಿಯವರೆಗೆ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ.