ಮನೆಯಾದ ಬಸ್ಸು ದೂರ ಪ್ರಯಾಣಕ್ಕೆ ಹೊರಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಿಕ್ಷಣ ಸಂಸ್ಥೆಯೊಂದು ಮಾರಾಟಕ್ಕಿಟ್ಟಿದ್ದ 2014ರ ಶಾಲಾ ಬಸ್ಸನ್ನು ಕೊಂಡು, ಸೀಟುಗಳನ್ನು ತೆಗೆಸಿ, ಒಳಗೆ ಮಂಚಗಳು, ಅಡುಗೆಕಟ್ಟೆ, ಸಣ್ಣದೊಂದು ಶೌಚಾಲಯ ಮತ್ತು 400 ಲೀಟರಿನ ನೀರಿನ ಟ್ಯಾಂಕ್ ಮಾಡಿಸಿದ್ದೇವೆ. ಕೆಲಸ ಮುಗಿಯಲು ಎರಡು ವರ್ಷ ಹಿಡಿಯಿತು. ಅಷ್ಟೂ ಕಾಲ ಬಸ್ಸು ಶೆಡ್ಡಿನಲ್ಲಿ ನಿಂತೇ ಇತ್ತು. ಈ ಡಿಸೆಂಬರಿನಲ್ಲಿ ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ತಾಯಿಯವರು ಪುಣೆ, ಅಹಮದಾಬಾದ್ ಮಾರ್ಗವಾಗಿ ಕಛ್‌ಗೆ ಹೋಗಿಬರಬೇಕೆಂದಿದ್ದೇವೆ. ಎಂಜಿನ್ ಆಯಿಲ್ ಬದಲಿಸಿ ಸರ್ವಿಸ್ ಮಾಡಿಸಿದ್ದಾಗಿದೆ. ಬಸ್ಸಿಗೆ ಏರ್ ಬ್ರೇಕ್ ಇದೆ. ಹೊರಡುವ ಮೊದಲು ಇನ್ನೇನು ನೋಡಿಸಬೇಕು?
(ಓದುಗರು, ಹುಬ್ಬಳ್ಳಿ)

ಉತ್ತರ: ಎಂಜಿನ್ ಬಗ್ಗೆ ನೀವು ವಹಿಸಿರುವ ಕಾಳಜಿ ಸರಿಯಾದದ್ದೇ. ಆದರೆ ಎರಡು ವರ್ಷ ನಿಂತ ಬಸ್ಸಿನಲ್ಲಿ ಕೆಡುವುದು ಹೆಚ್ಚಾಗಿ ಎಂಜಿನ್ ಅಲ್ಲ. ಬ್ರೇಕಿನ ರಬ್ಬರ್ ಭಾಗಗಳು, ಟೈರುಗಳು, ಹೋಸ್ ಪೈಪುಗಳು ಮತ್ತು ಡೀಸೆಲ್ ಟ್ಯಾಂಕಿನ ತಳ. ಜೊತೆಗೆ, ಮಕ್ಕಳನ್ನು ಕೂರಿಸಿಕೊಂಡು ಊರೊಳಗೆ ಮೂವತ್ತು, ನಲವತ್ತು ಕಿ.ಮೀ. ಓಡಾಡುತ್ತಿದ್ದ ಬಸ್ಸಿಗೆ ನೀವೀಗ ಒಂದು ಮನೆಯ ತೂಕವನ್ನು ಹೊರಿಸಿ, ಕಛ್‌ನ ಭುಜ್ ಊರಿನವರೆಗೆ ಸುಮಾರು 1,400 ಕಿ.ಮೀ. ದೂರವನ್ನು ಒಂದೇ ಸಲಕ್ಕೆ ಕೇಳುತ್ತಿದ್ದೀರಿ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ಈ ಬಸ್ಸಿನ ಮೊದಲ ಪ್ರಯಾಣ ಕಛ್‌ಗೆ ಆಗದಿರಲಿ. ಅದಕ್ಕೂ ಮೊದಲು ಪೂರ್ತಿ ಹೊರೆಯೊಂದಿಗೆ ಮನೆಯ ಹತ್ತಿರದ ಒಂದು ಘಾಟಿಯನ್ನು ಇಳಿದು ಹತ್ತಿ ಬನ್ನಿ. ಅದರ ವಿವರಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುನ್ನ ಗ್ಯಾರೇಜಿನಲ್ಲಿ ಆಗಬೇಕಾದ ಕೆಲಸಗಳಿವೆ.

ಎಲ್ಲಕ್ಕಿಂತ ಮೊದಲು ಬ್ರೇಕ್. ಎಂಜಿನ್ ಚಾಲು ಮಾಡಿ, ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಮೇಲೇರಿ ನಿಲ್ಲುವವರೆಗೆ ಏರ್ ಟ್ಯಾಂಕುಗಳಿಗೆ ಗಾಳಿ ತುಂಬಲು ಬಿಡಿ. ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ಒಬ್ಬರು ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿ ಹಿಡಿದು ಕುಳಿತಿರಲಿ. ಇನ್ನೊಬ್ಬರು ಬಸ್ಸಿನ ಸುತ್ತ ನಿಧಾನವಾಗಿ ನಡೆಯುತ್ತ ಪ್ರತಿ ಚಕ್ರದ ಬಳಿ ಕಿವಿಗೊಟ್ಟು ಕೇಳಲಿ. ಗಾಳಿ ಸೋರುವ ಸದ್ದು ಕೇಳಿದರೆ, ಅಥವಾ ಎರಡು ಮೂರು ನಿಮಿಷದಲ್ಲಿ ಮುಳ್ಳು ಕಣ್ಣಿಗೆ ಕಾಣುವಂತೆ ಇಳಿದರೆ, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಸೋರುವ ಜಾಗವನ್ನು ಹುಡುಕಿಸಿ. ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಯುವಂತೆ ಮಾಡುವ ಬ್ರೇಕ್ ಚೇಂಬರಿನೊಳಗಿನ ರಬ್ಬರ್ ಪರದೆ (ಡಯಾಫ್ರಮ್) ಮತ್ತು ಚಕ್ರಗಳಿಗೆ ಹೋಗುವ ರಬ್ಬರ್ ಹೋಸುಗಳು ನೋಡಲು ಚೆನ್ನಾಗಿದ್ದರೂ, ಇಷ್ಟು ವರ್ಷದ ಬಸ್ಸಿನಲ್ಲಿ ಅವನ್ನೆಲ್ಲ ಒಟ್ಟಿಗೆ ಹೊಸದು ಹಾಕಿಸುವುದೇ ಕ್ಷೇಮ. ಪರದೆಗೂ ಸೋಫಾಗೂ ಖರ್ಚು ಮಾಡಿದ ಹಣದ ಪಕ್ಕದಲ್ಲಿ ಇದು ದೊಡ್ಡ ಮೊತ್ತವೇನೂ ಆಗುವುದಿಲ್ಲ.

ಬಳಿಕ ಏರ್ ಟ್ಯಾಂಕುಗಳ ಕೆಳಗಿರುವ ಡ್ರೇನ್ ವಾಲ್ವ್ ತೆರೆಯಿರಿ. ಸ್ವಲ್ಪ ನೀರು ಬರುವುದು ಸಹಜ. ಆದರೆ ತುಕ್ಕಿನ ಬಣ್ಣದ ನೀರು ಧಾರಾಳವಾಗಿ ಸುರಿದರೆ ಬಹಳ ದಿನಗಳಿಂದ ಯಾರೂ ಅದನ್ನು ಮುಟ್ಟಿಲ್ಲವೆಂದು ತಿಳಿಯಿರಿ. ನೀರಿನ ಜೊತೆ ಎಣ್ಣೆಯ ಜಿಡ್ಡೂ ಹೆಚ್ಚಾಗಿ ಬಂದರೆ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಸವೆದಿರುವ ಸಾಧ್ಯತೆಯಿದೆ, ಅದನ್ನು ಬಿಚ್ಚಿಸಿ ನೋಡಿಸಬೇಕು. ಪ್ರಯಾಣದ ದಿನಗಳಲ್ಲಿ ಈ ನೀರನ್ನು ಪ್ರತಿದಿನ ತೆಗೆಯುವುದು ರೂಢಿಯಾಗಲಿ. ನಾಲ್ಕೂ ಕಡೆ ಬ್ರೇಕ್ ಡ್ರಮ್ ಬಿಚ್ಚಿಸಿ, ಅದಕ್ಕೆ ಉಜ್ಜಿ ಚಕ್ರವನ್ನು ತಡೆಯುವ ಲೈನರ್ ಎಷ್ಟು ಉಳಿದಿದೆಯೆಂದು ಸ್ವತಃ ನೋಡಿ, ಲೈನರ್ ಸವೆದಾಗ ಆಗುವ ಸಡಿಲವನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರುಗಳನ್ನು ಎರಡೂ ಬದಿಗೆ ಸಮನಾಗಿ ಸೆಟ್ ಮಾಡಿಸಿ.

ಇದೆಲ್ಲ ಆದ ಮೇಲೆ ಮಾಡಬೇಕಾದ ಒಂದು ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಅಲ್ಲಲ್ಲಿ ಬ್ರೇಕ್ ಹಿಡಿಯುತ್ತ ಇಪ್ಪತ್ತು ಕಿ.ಮೀ. ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ಡ್ರಮ್ಮಿನ ಹತ್ತಿರ ಮುಟ್ಟದಂತೆ ಅಂಗೈಯನ್ನು ಹಿಡಿಯಿರಿ. ಒಂದು ಆಕ್ಸಲಿನ ಎರಡೂ ಬದಿಯ ಶಾಖ ಒಂದೇ ಸಮನಾಗಿರಬೇಕು. ಒಂದು ಕಡೆ ಮುಖಕ್ಕೆ ಹೊಡೆಯುವಷ್ಟು ಕಾವಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಕೆಟ್ಟಿದೆ; ತಣ್ಣಗೇ ಇದ್ದರೆ ಆ ಚಕ್ರದ ಬ್ರೇಕ್ ಕೆಲಸವನ್ನೇ ಮಾಡುತ್ತಿಲ್ಲ.

ಬ್ರೇಕಿನ ಬಗ್ಗೆ ಇಷ್ಟು ಒತ್ತಿ ಹೇಳಲು ನೀವು ಆರಿಸಿಕೊಂಡಿರುವ ದಾರಿಯೇ ಕಾರಣ. ಸಾತಾರ ದಾಟಿದ ಮೇಲೆ ಖಂಬಾಟಕಿ ಘಾಟಿಯ ಇಳಿಜಾರಿದೆ. ಪುಣೆಯ ಅಂಚಿನಲ್ಲಿ ಕಾತ್ರಜ್‌ನ ಹೊಸ ಸುರಂಗದಿಂದ ಹೊರಬಂದ ರಸ್ತೆ ನವಲೆ ಸೇತುವೆಯವರೆಗೆ ಕಿಲೋಮೀಟರುಗಟ್ಟಲೆ ಇಳಿಯುತ್ತಲೇ ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಹತೋಟಿ ತಪ್ಪಿದ ಒಂದೇ ಭಾರಿ ವಾಹನ ಅಲ್ಲಿ ಹತ್ತಾರು ವಾಹನಗಳನ್ನು ಜಖಂಗೊಳಿಸಿದ್ದು ಅನೇಕರಿಗೆ ನೆನಪಿರಬಹುದು. ಆ ಇಳಿಜಾರು ನೋಡಲು ಕಡಿದಾಗಿ ಕಾಣದಿರುವುದೇ ಅದರ ಅಪಾಯ. ಡೀಸೆಲ್ ಉಳಿಸಲೆಂದು ಅಲ್ಲಿ ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹಿಡಿತವಾಗಲಿ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ನೆರವಾಗಲಿ ಸಿಗದೆ ಇಡೀ ತೂಕವನ್ನು ಲೈನರುಗಳೇ ತಡೆಯಬೇಕಾಗುತ್ತದೆ, ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಎಂಜಿನ್ನನ್ನೇ ಆರಿಸಿದರೆ ಕಂಪ್ರೆಸರ್ ನಿಂತು ಟ್ಯಾಂಕಿನ ಗಾಳಿ ಪ್ರತಿ ಒತ್ತಿಗೂ ಕರಗುತ್ತ ಹೋಗುತ್ತದೆ, ಪವರ್ ಸ್ಟೀರಿಂಗ್ ಕೂಡ ಬಿಗಿಯಾಗುತ್ತದೆ. ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಪುಣೆಯಿಂದ ಮುಂದೆ ಖಂಡಾಲದ ಬೋರ್ ಘಾಟಿಗೂ ಇದೇ ಮಾತು.

ಎರಡನೆಯದು ತೂಕ. ಮನೆ ಬಸ್ಸು ಮಾಡಿಸಿದವರು ಇದನ್ನು ಅಂದಾಜಿನ ಮೇಲೆ ಬಿಟ್ಟುಬಿಡುವುದನ್ನು ಕಂಡರೆ ನನಗೆ ಆತಂಕವಾಗುತ್ತದೆ. 18 ಮಿ.ಮೀ. ದಪ್ಪದ ಪ್ಲೈವುಡ್ಡಿನ ಎಂಟು-ನಾಲ್ಕು ಅಡಿಯ ಒಂದು ಹಾಳೆಯೇ 30 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ನಿಮ್ಮ ನೀರಿನ ಟ್ಯಾಂಕ್ ತುಂಬಿದಾಗ ನೀರೇ 400 ಕೆ.ಜಿ. ನೀರು, ಡೀಸೆಲ್, ಗ್ಯಾಸ್, ದಿನಸಿ, ಹಾಸಿಗೆ ಎಲ್ಲವನ್ನೂ ತುಂಬಿ, ಪ್ರಯಾಣ ಮಾಡುವ ಎಲ್ಲರೂ ಕುಳಿತು ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ತೂಕ, ಆಮೇಲೆ ಇಡೀ ಬಸ್ಸಿನದೊಂದು ತೂಕ ತೆಗೆಸಿ. ಕಳೆದು ಉಳಿದದ್ದು ಹಿಂದಿನ ಆಕ್ಸಲಿನ ಮೇಲಿರುವ ಭಾರ. ಒಟ್ಟು ತೂಕ ಆರ್‌ಸಿಯಲ್ಲಿ ನಮೂದಾದದ್ದನ್ನು ಮೀರಬಾರದು. ಟ್ಯಾಂಕನ್ನು ಹಿಂದಿನ ಚಕ್ರಗಳಿಗಿಂತಲೂ ಹಿಂದೆ, ಬಸ್ಸಿನ ತುದಿಯಲ್ಲಿ ಕೂರಿಸಿದ್ದರೆ ಆ ಭಾರ ಮುಂಭಾಗವನ್ನು ಎತ್ತುತ್ತದೆ, ಸ್ಟೀರಿಂಗ್ ಹಗುರವಾಗಿ ತೇಲಿದಂತಾಗುತ್ತದೆ; ಅದನ್ನು ಎರಡು ಆಕ್ಸಲುಗಳ ನಡುವೆ ತರಿಸಿ. ಅಡುಗೆಕಟ್ಟೆ, ಫ್ರಿಜ್, ಬ್ಯಾಟರಿಗಳು ಎಲ್ಲವೂ ಒಂದೇ ಮಗ್ಗುಲಿಗೆ ಬಂದಿದ್ದರೆ ಬಸ್ಸು ಆ ಕಡೆಗೆ ವಾಲಿರುವುದು ಹಿಂದೆ ನಿಂತು ನೋಡಿದರೆ ಕಾಣುತ್ತದೆ, ಪಾಟಾಗಳಲ್ಲಿ (ಬಸ್ಸಿನ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಲ್ಲಿ) ಬಿರುಕು ಬಿಟ್ಟಿದೆಯೇ ಎಂಬುದನ್ನೂ ಆಗಲೇ ನೋಡಿಸಿ.

ಟೈರಿನ ಗೆರೆಗಳ ಆಳವನ್ನು ನೋಡಿ ತೃಪ್ತರಾಗಬೇಡಿ. ಬದಿಯ ಗೋಡೆಯ ಮೇಲೆ ನಾಲ್ಕು ಅಂಕಿಗಳ ತಯಾರಿಕೆಯ ದಿನಾಂಕವಿರುತ್ತದೆ. 1417 ಎಂದಿದ್ದರೆ ಅದು 2017ರ ಹದಿನಾಲ್ಕನೇ ವಾರದಲ್ಲಿ ತಯಾರಾದ ಟೈರು. ಅಷ್ಟು ಹಳೆಯದನ್ನು, ಅದರಲ್ಲೂ ಎರಡು ವರ್ಷ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತದ್ದನ್ನು, ದೂರದ ದಾರಿಗೆ ನಂಬಬಾರದು; ಮುಂದಿನ ಚಕ್ರಗಳಿಗೆ ಹಳೆಯದರ ಮೇಲೆ ಹೊಸ ರಬ್ಬರ್ ಕೂರಿಸಿದ ರಿಸೋಲ್ ಟೈರನ್ನಂತೂ ಹಾಕಲೇಬೇಡಿ. ಹಿಂದಿನ ಜೋಡಿಯಲ್ಲಿ ಒಳಗಿನ ಟೈರಿನ ಗಾಳಿಯನ್ನು ಯಾರೂ ನೋಡುವುದಿಲ್ಲ, ನೀವು ನೋಡಿಸಿ. ಚಕ್ರ ಬಿಚ್ಚಿ ಹಾಕಿದ ನಂತರ ಐವತ್ತರಿಂದ ನೂರು ಕಿ.ಮೀ. ಒಳಗೆ ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಲು ಮರೆಯಬೇಡಿ. ಸ್ಟೆಪ್ನಿ ಇದ್ದರೆ ಸಾಲದು. ಈಗಿನ ತೂಕವನ್ನು ಎತ್ತಬಲ್ಲ ಜಾಕಿಯೂ ಬೇಕು.

ನಿಂತ ಬಸ್ಸಿನ ಡೀಸೆಲ್ ಟ್ಯಾಂಕಿನಲ್ಲಿ ನೀರು, ತುಕ್ಕು, ಕೆಸರು ಸೇರಿರುತ್ತವೆ. ರಸ್ತೆಯ ಕುಲುಕಾಟಕ್ಕೆ ಅದೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಎರಡು ಫಿಲ್ಟರುಗಳನ್ನು ಜೊತೆಗಿಟ್ಟುಕೊಳ್ಳಿ. ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಎಳೆಯುವ ಕೈಪಂಪು (ಹ್ಯಾಂಡ್ ಪ್ರೈಮರ್) ಒತ್ತಿ ಲೈನಿನ ಏರ್ ತೆಗೆಯುವುದನ್ನು ಮೆಕ್ಯಾನಿಕ್ ಎದುರಿಗೇ ಒಮ್ಮೆ ನೀವೇ ಮಾಡಿ ಕಲಿಯಿರಿ. ರೇಡಿಯೇಟರ್ ಹೋಸುಗಳು, ಫ್ಯಾನ್ ಬೆಲ್ಟ್ ಹೊಸದಾಗಲಿ.

ಒಳಗಿನ ವಿಷಯದಲ್ಲಿ ಎರಡು ಮಾತನ್ನು ಹೇಳಲೇಬೇಕು. ಶಾಲಾ ಬಸ್ಸಿಗಿದ್ದ ತುರ್ತು ಬಾಗಿಲು ಈಗ ನಿಮ್ಮ ಮಂಚದ ಅಥವಾ ಕಪಾಟಿನ ಹಿಂದೆ ಮುಚ್ಚಿಹೋಗಿಲ್ಲವೇ ಎಂದು ನೋಡಿ. ಮುಚ್ಚಿಹೋಗಿದ್ದರೆ ಬಡಗಿಯನ್ನು ಮತ್ತೆ ಕರೆಸಿ. ರಾತ್ರಿ ಕತ್ತಲಲ್ಲಿ ನಿಮ್ಮ ತಾಯಿಯವರೂ ಮಕ್ಕಳೂ ತಾವಾಗಿ ತೆರೆದು ಇಳಿಯಬಲ್ಲ ಎರಡನೆಯ ದಾರಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ, ಮೇಲಿನ ಕಿಟಕಿ ತೆರೆದಿದ್ದರೆ ಸಾಲದು. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿಯಿರಿ, ಬಸ್ಸು ಚಲಿಸುವಾಗ ರೆಗ್ಯುಲೇಟರ್ ಬಂದ್ ಆಗಿರಲಿ. ಕಛ್‌ನಲ್ಲಿ ಡಿಸೆಂಬರಿನ ರಾತ್ರಿಗಳು ಚಳಿಯವು. ಹಾಗೆಂದು ಬಾಗಿಲು ಮುಚ್ಚಿ ಒಳಗೆ ಇದ್ದಿಲ ಒಲೆಯನ್ನಾಗಲಿ, ಗ್ಯಾಸ್ ಒಲೆಯನ್ನಾಗಲಿ ಕಾಯಿಸಿಕೊಳ್ಳಲು ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ, ಮಲಗಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ಪುಡಿ ತುಂಬಿದ ಎಬಿಸಿ ಮಾದರಿಯ ಅಗ್ನಿಶಾಮಕವನ್ನು ಒಲೆಯ ಹಿಂದೆ ಇಡದೆ, ಬಾಗಿಲ ಬಳಿ ಕೈಗೆಟುಕುವಂತೆ ತೂಗುಹಾಕಿ.

ಇನ್ನು ಪರೀಕ್ಷಾ ಪ್ರಯಾಣ. ಹುಬ್ಬಳ್ಳಿಯವರಿಗೆ ಯಲ್ಲಾಪುರದಿಂದ ಅರಬೈಲ್ ಘಾಟಿ ಇಳಿದು ಅಂಕೋಲಾಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಲ್ಲೂ ಸಿಗದು: ಮೊದಲು ಸಮತಟ್ಟು, ಆಮೇಲೆ ಲಾರಿಗಳಿಂದ ತುಂಬಿದ ಇಳಿಜಾರು, ಕೆಳಗೆ ಕರಾವಳಿಯ ಸೆಕೆ, ಮರಳುವಾಗ ದೀರ್ಘ ಏರು. ಕಛ್‌ಗೆ ಒಯ್ಯುವ ಅಷ್ಟೂ ಸಾಮಾನನ್ನು ತುಂಬಿಕೊಂಡು ಹೋಗಿ, ಎರಡು ರಾತ್ರಿ ಬಸ್ಸಿನಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ಎಲ್ಲಿಗೆ ನಿಲ್ಲುತ್ತದೆ, ಘಾಟಿಯ ಬುಡದಲ್ಲಿ ಡ್ರಮ್ಮುಗಳ ಶಾಖ ಎಷ್ಟಿದೆ, ಯಾವ ಕಪಾಟಿನ ಬಾಗಿಲು ತೆರೆದುಕೊಂಡಿತು, ನೀರಿನ ಪೈಪು ಎಲ್ಲಿ ಒಸರಿತು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಬೆಳಗ್ಗೆ ಹೊರಡುವ ಮುನ್ನ ನಿಂತ ಜಾಗದ ನೆಲದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ನೋಡಿ. ಬಂದ ಮೇಲೆ ರಿಪೇರಿಗೆಂದು ಕನಿಷ್ಠ ಎರಡು ವಾರ ಇರುವಂತೆ ಈ ಪ್ರಯಾಣವನ್ನು ನವೆಂಬರಿನಲ್ಲೇ ಮುಗಿಸಿ. ಆ ಪುಸ್ತಕದಲ್ಲಿ ಬ್ರೇಕಿಗೆ ಸಂಬಂಧಿಸಿದ ಒಂದೇ ಒಂದು ದೂರು ಬಾಕಿ ಉಳಿದಿದ್ದರೂ ಡಿಸೆಂಬರಿನ ದಿನಾಂಕವನ್ನು ಮುಂದಕ್ಕೆ ಹಾಕಿ.

ಪ್ರಶ್ನೆ: ನಾನೂ ಇಂಥದೇ ಬಸ್ಸು ಮಾಡಿಸುತ್ತಿದ್ದೇನೆ. ನನ್ನಲ್ಲಿರುವುದು ಕಾರಿನ ಲೈಸೆನ್ಸ್ ಮಾತ್ರ. ಓಡಿಸಬಹುದೇ? ದಾಖಲೆಗಳಲ್ಲಿ ಏನು ಬದಲಾಗಬೇಕು?
(ಓದುಗರು, ಮೈಸೂರು)

ಉತ್ತರ: ಆರ್‌ಸಿಯಲ್ಲಿರುವ ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಲಘು ವಾಹನದ ಲೈಸೆನ್ಸ್ ಸಾಕು. ಅಂಥ ಸಾರಿಗೆ ವಾಹನಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಅದಕ್ಕಿಂತ ಹೆಚ್ಚಿದ್ದರೆ ಭಾರಿ ವಾಹನದ ಲೈಸೆನ್ಸ್ ಇರುವವರೇ ಓಡಿಸಬೇಕು. ಮಾರ್ಪಾಡಿನ ವಿಷಯ ಇನ್ನೂ ಮುಖ್ಯವಾದದ್ದು. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮನಬಂದಂತೆ ಬದಲಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗಳಿಗೆ (ಒಳಗೇ ವಾಸಿಸಬಲ್ಲ ವಾಹನಗಳಿಗೆ) ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ನಿಮ್ಮ ಕೆಲಸ ಇನ್ನೂ ಮುಗಿದಿಲ್ಲವಾದ್ದರಿಂದ, ನಕ್ಷೆಯನ್ನು ಹಿಡಿದು ಈಗಲೇ ಆರ್‌ಟಿಓ ಕಚೇರಿಗೆ ಹೋಗಿ ಮಾತನಾಡಿ. ವಾಹನದ ವರ್ಗ, ಸೀಟುಗಳ ಸಂಖ್ಯೆ, ಹಳದಿಯಿಂದ ಬದಲಾದ ಬಣ್ಣ ಇವೆಲ್ಲ ಆರ್‌ಸಿಯಲ್ಲಿ ದಾಖಲಾದ ನಂತರ ಅದರ ಪ್ರತಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿಯನ್ನೂ ತಿದ್ದಿಸಿ. ಆರ್‌ಸಿಯಲ್ಲಿ ಶಾಲಾ ಬಸ್ಸೆಂದೇ ಉಳಿದ ವಾಹನದಲ್ಲಿ ಅಪಘಾತವಾದರೆ ಪರಿಹಾರ ಸಿಗುವುದು ಬಹಳ ಕಷ್ಟ.

ಪ್ರಶ್ನೆ: ಬಸ್ಸಿನಲ್ಲಿ ಒಟ್ಟು 24 ವೋಲ್ಟ್ ಕೊಡುವ ಎರಡು ಬ್ಯಾಟರಿಗಳಲ್ಲಿ ಒಂದರಿಂದ 12 ವೋಲ್ಟ್ ಎಳೆದು ಫ್ಯಾನ್, ಲೈಟುಗಳಿಗೆ ಕೊಟ್ಟಿದ್ದೇನೆ. ಒಂದು ಬ್ಯಾಟರಿ ಬೇಗ ಇಳಿದುಹೋಗುತ್ತದೆ, ಇನ್ನೊಂದರಲ್ಲಿ ಪದೇ ಪದೇ ನೀರು ಕಡಿಮೆಯಾಗುತ್ತದೆ. ಏಕೆ?
(ಓದುಗರು, ಉಡುಪಿ)

ಉತ್ತರ: ಎರಡೂ ತೊಂದರೆಗೆ ಕಾರಣ ಆ ಒಂದು ವೈರೇ. ಸರಣಿಯಲ್ಲಿರುವ, ಅಂದರೆ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದ, ಎರಡು ಬ್ಯಾಟರಿಗಳಿಗೆ ಆಲ್ಟರ್ನೇಟರಿನಿಂದ ಒಂದೇ ಪ್ರಮಾಣದ ಕರೆಂಟ್ ಹರಿಯುತ್ತದೆ. ನೀವು ಖರ್ಚು ಮಾಡುವ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ, ಇನ್ನೊಂದು ತುಂಬಿದ ಮೇಲೂ ಚಾರ್ಜ್ ಆಗುತ್ತಲೇ ಇದ್ದು ನೀರು ಅನಿಲವಾಗಿ ಹೊರಹೋಗುತ್ತದೆ. ಆ ವೈರನ್ನು ಇಂದೇ ತೆಗೆಸಿ. ಮನೆಯ ಭಾಗಕ್ಕೆ ಬೇರೆಯೇ ಬ್ಯಾಟರಿ ಹಾಕಿಸಿ, ಅದಕ್ಕೆ 24ರಿಂದ 12 ವೋಲ್ಟಿಗೆ ಇಳಿಸುವ ಚಾರ್ಜರ್ ಮೂಲಕ ಆಲ್ಟರ್ನೇಟರಿನಿಂದಲೂ, ಛಾವಣಿಯ ಸೋಲಾರ್ ಫಲಕದಿಂದಲೂ ಚಾರ್ಜ್ ಬರುವಂತೆ ಮಾಡಿಸಿ. ಪ್ರತಿ ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ವೈರು ತಗಡನ್ನು ತೂರಿ ಹೋಗುವ ಕಡೆಗಳಲ್ಲೆಲ್ಲ ರಬ್ಬರ್ ಬಳೆ ಹಾಕಿಸಿ, ಇಲ್ಲವಾದರೆ ಓಡುವ ಬಸ್ಸಿನ ನಡುಕಕ್ಕೆ ಮೇಲಿನ ಕವಚ ಸವೆದು ಶಾರ್ಟ್ ಆಗುತ್ತದೆ. ಈಗಿರುವ ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಚಾರ್ಜ್ ಮಾಡಿಸಿ ಪರೀಕ್ಷಿಸಿ, ಒಂದು ಕೆಟ್ಟಿದ್ದರೂ ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ.