ಕಪ್ಪು ಜನರ ಚರಿತ್ರೆಗೆ ಪ್ರತ್ಯೇಕ ದಾಖಲೆ ಸಂಗ್ರಹ ಏಕೆ ಬೇಕು?

ಏಕೆಂದರೆ ಹಳೆಯ ದಾಖಲೆಗಳನ್ನು ಬರೆದವರೂ ಕಾಪಾಡಿದವರೂ ಬಹುಪಾಲು ಅಧಿಕಾರದಲ್ಲಿದ್ದವರೇ. ಅಮೆರಿಕದ ತೋಟದ ಮಾಲೀಕರ ಲೆಕ್ಕದ ಪುಸ್ತಕಗಳಲ್ಲಿ ಗುಲಾಮರ ವಯಸ್ಸು, ಬೆಲೆ ಸಿಗುತ್ತದೆ. ಅವರ ಮಾತು ಸಿಗುವುದಿಲ್ಲ. ಅದನ್ನು ಬೇರೆಡೆ ಹುಡುಕಿ ಕೂಡಿಡಬೇಕು.

ಪೋರ್ಟೊರಿಕೊದಲ್ಲಿ ಹುಟ್ಟಿದ ಆರ್ಟುರೊ ಶೋಂಬರ್ಗ್ ಜೀವನವಿಡೀ ಮಾಡಿದ್ದು ಇದನ್ನೇ. ಅವರು ಕೂಡಿಸಿದ ಸಾವಿರಾರು ಪುಸ್ತಕ, ಹಸ್ತಪ್ರತಿ, ಚಿತ್ರಗಳು 1926ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹಾರ್ಲೆಮ್ ಶಾಖೆ ಸೇರಿದವು. ಅಲ್ಲಿ ಕೂತು ಓದಿದ ಯುವ ಕಲಾವಿದ ಜೇಕಬ್ ಲಾರೆನ್ಸ್, ಹೈಟಿಯ ಗುಲಾಮರ ದಂಗೆಯ ನಾಯಕ ಟೂಸೆಂಟ್‌ನ ಬದುಕನ್ನು 41 ಚಿತ್ರಗಳಲ್ಲಿ ಮೂಡಿಸಿದರು. ಓದಲು ಆ ಕಾಗದಗಳೇ ಇಲ್ಲದಿದ್ದರೆ ಆ ಚಿತ್ರಗಳೆಲ್ಲಿ?

ಹಕ್ಕಿನ ಪ್ರಶ್ನೆ ಇನ್ನೂ ನೇರ. ಬ್ರಿಟನ್ನಿನಲ್ಲಿ ದಶಕಗಳಿಂದ ನೆಲೆಸಿದ್ದ ಕೆರಿಬಿಯನ್ ಮೂಲದವರು ವಾಸದ ಹಕ್ಕು ಸಾಬೀತುಪಡಿಸಲಾಗದೆ ಕೆಲಸ, ಚಿಕಿತ್ಸೆ ಕಳೆದುಕೊಂಡದ್ದು 2018ರಲ್ಲಿ ದೊಡ್ಡ ಸುದ್ದಿಯಾಯಿತು. ಅವರು ಬಂದಿಳಿದ ದಿನದ ಚೀಟಿಗಳನ್ನು ಸರ್ಕಾರ 2010ರಲ್ಲೇ ನಾಶಪಡಿಸಿತ್ತು.