ವ್ಯಾಕ್ಸೋ ಸೆರಾಮಿಕ್ಕೋ ಎಂದು ಕೇಳುವ ಮೊದಲು ಬೋಟಿನ ಮೈ ಉಜ್ಜಿ ನೋಡಿ

ಬೋಟಿನ ಹೊರಮೈ ಕಾಪಾಡುವ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಅದರಲ್ಲೂ ಮಾರುವವರ ಮಾತು ಕೇಳಿ ದುಡ್ಡು ಸುರಿದಾದ ಮೇಲೆ ‘ಈಗೇನು ಮಾಡಲಿ’ ಎಂದು ಬರೆಯುವವರೇ ಹೆಚ್ಚು. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೆ ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನಮ್ಮದು 6 ಮೀಟರ್ ಉದ್ದದ ಫೈಬರ್ ಬೋಟು, ಎಂಟು ವರ್ಷ ಹಳೆಯದು. ಕಡುನೀಲಿ ಬಣ್ಣ ಪೂರ್ತಿ ಮಂಕಾಗಿದೆ. ಇಷ್ಟು ದಿನ ವ್ಯಾಕ್ಸ್ ಹಚ್ಚುತ್ತಿದ್ದೆವು. ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಪಾಲಿಶ್ ಕೂಡ ಬೇಡ, ಹೊಳಪು ವಾಪಸ್ ಬಂದು ಹತ್ತು ವರ್ಷ ಇರುತ್ತದೆ ಎನ್ನುತ್ತಿದ್ದಾರೆ. ಹಾಕಿಸಲೇ?

ಈಗಿರುವ ಸ್ಥಿತಿಯಲ್ಲಿ ಹಾಕಿಸಬೇಡಿ. ‘ಪಾಲಿಶ್ ಬೇಡ’ ಎಂದವರ ಕೈಗಂತೂ ಬೋಟು ಕೊಡಲೇಬೇಡಿ.

ಹೊಳಪು ಇರುವುದು ಜೆಲ್‌ಕೋಟಿನಲ್ಲಿ, ಅಂದರೆ ಫೈಬರಿನ ಮೇಲಿರುವ ಬಣ್ಣ ಬೆರೆತ ರೆಸಿನ್ನಿನ (ಗಟ್ಟಿಯಾದ ರಾಳದ) ಹೊರಪದರದಲ್ಲಿ. ಹೊಸ ಬೋಟಿನಲ್ಲಿ ಅದು ಸುಮಾರು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್ ದಪ್ಪ. ಸೆರಾಮಿಕ್ ಎಂದರೆ ದ್ರವವಾಗಿ ಸವರಿ, ಒಣಗಿದಾಗ ಗಟ್ಟಿಯಾಗುವ ಕಾಪು ಪದರ. ಒಣಗಿದ ಮೇಲೆ ಅದು ಒಂದೆರಡು ಮೈಕ್ರಾನ್. ಅಷ್ಟು ತೆಳುವಾದದ್ದು ಕೆಳಗಿನ ತಗ್ಗು ತುಂಬುವುದೂ ಇಲ್ಲ, ಮಂಕು ಮುಚ್ಚುವುದೂ ಇಲ್ಲ. ಬಿಸಿಲಿನ ಅತಿನೇರಳೆ ಕಿರಣ ಜೆಲ್‌ಕೋಟಿನ ರೆಸಿನ್ನನ್ನು ಮೇಲಿಂದ ಸವೆಸುತ್ತದೆ. ಹಿಡಿತ ತಪ್ಪಿದ ಬಣ್ಣದ ಕಣ ಪುಡಿಯಾಗಿ ನಿಲ್ಲುತ್ತದೆ. ಅದರ ಮೇಲೆ ಕೋಟಿಂಗ್ ಹಾಕುವುದು ಸುಣ್ಣ ಉದುರುವ ಗೋಡೆಗೆ ಹೊಸ ಬಣ್ಣ ಬಳಿದ ಹಾಗೆ. ಪುಡಿಗೆ ಅಂಟಿಕೊಂಡದ್ದು ಪುಡಿಯ ಜೊತೆಗೇ ಉದುರುತ್ತದೆ.

ಮೊದಲು ಒಣಗಿದ ಮೈಯನ್ನು ಬಿಳಿ ಬಟ್ಟೆಯಲ್ಲಿ ಗಟ್ಟಿಯಾಗಿ ಒಂದು ಸಲ ಉಜ್ಜಿ. ನೀಲಿ ಪುಡಿ ಹತ್ತಿದರೆ ಮೇಲ್ಪದರ ಸತ್ತಿದೆ ಎಂದರ್ಥ. ಆಮೇಲೆ ಅದೇ ಜಾಗಕ್ಕೆ ನೀರು ಹಾಕಿ ನೋಡಿ. ಒದ್ದೆ ಇರುವಷ್ಟು ಹೊತ್ತು ಕಡುನೀಲಿ ಕಂಡು, ಒಣಗುತ್ತಿದ್ದಂತೆ ಮತ್ತೆ ಬೂದು ತಿರುಗಿದರೆ ಒಳಗೆ ಬಣ್ಣ ಉಳಿದಿದೆ, ಮೇಲ್ಮೈ ಮಾತ್ರ ಒರಟಾಗಿದೆ. ಉಜ್ಜಿದರೆ ಹೊಳಪು ಬರುತ್ತದೆ. ಒದ್ದೆಯಲ್ಲೂ ಕಲೆಕಲೆಯಾಗಿ ಕಂಡರೆ, ಅಥವಾ ಫೈಬರಿನ ನೇಯ್ಗೆ ಇಣುಕುತ್ತಿದ್ದರೆ ಜೆಲ್‌ಕೋಟ್ ತೀರಿಹೋಗುತ್ತಾ ಬಂದಿದೆ. ಅದಕ್ಕೆ ಪೇಂಟೇ ಗತಿ.

ಹೊಳಪು ಬರುವ ಸ್ಥಿತಿಯಲ್ಲಿದ್ದರೆ ಕೆಲಸ ಹೀಗೆ ಸಾಗಲಿ. ನೀರಿನ ಗೆರೆಯ ಹಳದಿ ಕಲೆಗೆ ಆಕ್ಸಾಲಿಕ್ ಆಮ್ಲದ ಕ್ಲೀನರ್ ಹಚ್ಚಿ, ಒಣಗಲು ಬಿಡದೆ ತೊಳೆಯಿರಿ. ನಂತರ ಹಳೆಯ ವ್ಯಾಕ್ಸನ್ನು ವ್ಯಾಕ್ಸ್ ತೆಗೆಯುವ ಸಾಲ್ವೆಂಟಿನಿಂದ ಒರೆಸಿ. ಒಂದೇ ದಿಕ್ಕಿನಲ್ಲಿ ಒರೆಸುತ್ತಾ ಬಟ್ಟೆಯ ಮಗ್ಗುಲು ಬದಲಾಯಿಸುತ್ತಿರಬೇಕು. ಇಲ್ಲವಾದರೆ ವ್ಯಾಕ್ಸ್ ಹೋಗುವುದಿಲ್ಲ, ಊರೆಲ್ಲ ಹರಡುತ್ತದೆ, ಆಮೇಲೆ ಪಾಲಿಶ್ ಯಂತ್ರದ ಪ್ಯಾಡಿಗೆ ಮೆತ್ತಿಕೊಂಡು ಕಾಂಪೌಂಡ್ (ಮೇಲ್ಮೈ ಉಜ್ಜಿ ಸವೆಸುವ ಪೇಸ್ಟ್) ಕಚ್ಚುವುದೇ ಇಲ್ಲ.

ಇಡೀ ಬೋಟಿಗೆ ಕೈ ಹಾಕುವ ಮೊದಲು 60 ಸೆಂಟಿಮೀಟರ್ ಚೌಕದ ಒಂದು ಜಾಗದಲ್ಲಿ ಪ್ರಯೋಗ ಮಾಡಿ. ಸೌಮ್ಯವಾದ ಪಾಲಿಶ್‌ನಿಂದ ಶುರು ಮಾಡಿ. ಆಗದಿದ್ದರೆ ಉಣ್ಣೆಯ ಪ್ಯಾಡ್ ಮತ್ತು ಒರಟು ಕಾಂಪೌಂಡ್, ರೋಟರಿ ಯಂತ್ರ ನಿಮಿಷಕ್ಕೆ 1000ದಿಂದ 1500 ಸುತ್ತು. ಅದಕ್ಕೂ ಜಗ್ಗದಿದ್ದರೆ ಮಾತ್ರ ನೀರು ಹಾಕಿಕೊಂಡು 1000, 1500, 2000 ನಂಬರಿನ ವಾಟರ್ ಪೇಪರ್, ಆಮೇಲೆ ಮತ್ತೆ ಕಾಂಪೌಂಡ್. ಮೂಲೆ ಮತ್ತು ಅಂಚುಗಳಿಗೆ ಟೇಪ್ ಅಂಟಿಸಿ. ಅಲ್ಲಿ ಜೆಲ್‌ಕೋಟ್ ತೆಳುವಾಗಿರುತ್ತದೆ, ಯಂತ್ರ ಒಂದು ಕ್ಷಣ ನಿಂತರೂ ಕೆಳಗಿನ ಪದರ ಕಾಣಿಸಿಕೊಂಡುಬಿಡುತ್ತದೆ. ಕಡುಬಣ್ಣದಲ್ಲಿ ಉಣ್ಣೆ ಪ್ಯಾಡಿನ ಸುತ್ತುಗೆರೆ ಎದ್ದು ಕಾಣುವುದರಿಂದ ಕೊನೆಗೆ ಫೋಮ್ ಪ್ಯಾಡಿನಲ್ಲಿ ನಯವಾದ ಪಾಲಿಶ್ ಕಡ್ಡಾಯ. ಮಾಸ್ಕ್ ಮರೆಯಬೇಡಿ, ಆ ಧೂಳು ಎದೆಗೆ ಹೋಗುವಂಥದ್ದು.

ಹೆಚ್ಚಿನವರು ಮೋಸ ಹೋಗುವುದು ಇಲ್ಲಿ. ಕಾಂಪೌಂಡಿನಲ್ಲಿರುವ ಎಣ್ಣೆ ಗೀರುಗಳನ್ನು ಮುಚ್ಚಿ ಕನ್ನಡಿಯಂಥ ಹೊಳಪು ತೋರಿಸುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮಂಕು ಮರಳಿ ಕಂಡರೆ ನೀವು ಹೊಳಪು ತಂದಿಲ್ಲ, ಎಣ್ಣೆ ಸವರಿದ್ದೀರಿ. ಮತ್ತೆ ಉಜ್ಜಬೇಕು. ಆಲ್ಕೊಹಾಲ್ ಅಕ್ರಿಲಿಕ್ ಕಿಟಕಿಗೆ ತಗಲದಿರಲಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಆಯ್ಕೆಯ ಮಾತು ಬರುವುದು ಇಷ್ಟಾದ ಮೇಲೆ. ಬೋಟನ್ನು ನೀರಿನಿಂದ ಮೇಲೆತ್ತಿ ಚಾವಣಿಯ ಕೆಳಗೆ ಒಂದು ವಾರ ನಿಲ್ಲಿಸುವ ಅನುಕೂಲವಿದ್ದು, ವರ್ಷವಿಡೀ ಅದು ಬಿಸಿಲಲ್ಲೇ ನಿಲ್ಲುವುದಾದರೆ ಸೆರಾಮಿಕ್ಕಿಗೆ ಅರ್ಥವಿದೆ. ಚೆನ್ನಾಗಿ ಹಾಕಿದ್ದು ಬಿಸಿಲಿನಲ್ಲಿ ಒಂದೆರಡು ವರ್ಷ, ನೆರಳಿದ್ದರೆ ಇನ್ನೂ ತುಸು ಹೆಚ್ಚು ಬಾಳುತ್ತದೆ. ಹತ್ತು ವರ್ಷ ಎಂಬುದು ಮಾರುವವರ ಬಾಯಿಮಾತು. ಕಟ್ಟೆಗೆ ತಾಗಿ ಪದೇ ಪದೇ ಗೀರು ಬೀಳುವ, ಆಗಾಗ ರಿಪೇರಿ ಬೇಡುವ ಬೋಟಿಗೆ ವ್ಯಾಕ್ಸೇ ಸರಿ. ರಿಪೇರಿಗೆ ಮುಂಚೆ ವ್ಯಾಕ್ಸನ್ನು ಸಾಲ್ವೆಂಟಿನಲ್ಲಿ ಒರೆಸಿದರೆ ಮುಗಿಯಿತು, ಸೆರಾಮಿಕ್ಕನ್ನು ಉಜ್ಜಿಯೇ ತೆಗೆಯಬೇಕು. ವ್ಯಾಕ್ಸಿನಲ್ಲಿ ತಪ್ಪಾದರೆ ಇನ್ನೊಮ್ಮೆ ಒರೆಸಬಹುದು, ಸೆರಾಮಿಕ್ಕಿನಲ್ಲಿ ತಪ್ಪಾದರೆ ಮತ್ತೆ ಪಾಲಿಶ್ ಯಂತ್ರವೇ ಬೇಕು. ನಿಮಗೆ ನನ್ನ ಸಲಹೆ: ಈ ವರ್ಷ ಇಡೀ ಬೋಟಿಗೆ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚಿ, ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಾ ಬನ್ನಿ. ಬಿಳಿ ಬಟ್ಟೆಗೆ ಪುಡಿ ಹತ್ತದೆ ಒಂದು ವರ್ಷ ಕಳೆದರೆ ಸೆರಾಮಿಕ್ಕಿನ ಯೋಚನೆ ಮಾಡಿ. ಎಂಟು ವರ್ಷ ಬಿಸಿಲು ತಿಂದ ಕಡುಬಣ್ಣದ ಜೆಲ್‌ಕೋಟನ್ನು ನಾನು ಬೇಗ ನಂಬುವುದಿಲ್ಲ.

ಹಾಕುವ ದಿನ ಬಂದಾಗ ಗಾಳಿ 10ರಿಂದ 30 ಡಿಗ್ರಿ ಒಳಗಿರಲಿ, ಬೋಟಿನ ಮೈ ಮುಟ್ಟಿದರೆ ತಣ್ಣಗಿರಲಿ. ಮೈ ಕಾದಿದ್ದರೆ ದ್ರವ ಹರಡುವ ಮೊದಲೇ ಒಣಗಿ ಪಟ್ಟೆ ಕಟ್ಟುತ್ತದೆ. ಪಕ್ಕೆಯ ಎತ್ತರ 1 ಮೀಟರ್ ಹಿಡಿದರೆ ಎರಡೂ ಬದಿ ಸೇರಿ 12 ಚದರ ಮೀಟರ್, ಅಂದರೆ 60 ಸೆಂಟಿಮೀಟರಿನ ಸುಮಾರು 33 ಚೌಕ. ಒಂದಕ್ಕೆ ನಾಲ್ಕೈದು ನಿಮಿಷವಾದರೂ ಎರಡೂವರೆ ಗಂಟೆ ಬೇಕು. ಅಡ್ಡ ಒಮ್ಮೆ ಉದ್ದ ಒಮ್ಮೆ ಸವರಿ, ಕಾಮನಬಿಲ್ಲಿನ ಬಣ್ಣದ ಛಾಯೆ ಏಳುವವರೆಗೆ ಕಾದು, ಒಂದು ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ಇನ್ನೊಂದರಲ್ಲಿ ನಯ ಮಾಡಿ. ಪಕ್ಕದ ಚೌಕಕ್ಕೆ ಹೋಗುವ ಮುನ್ನ ಟಾರ್ಚಿನಲ್ಲಿ ನೋಡಿ. ಒರೆಸದೆ ಉಳಿದ ದಪ್ಪ ಮಚ್ಚೆಯನ್ನು ಆಗಿಂದಾಗ ಅದೇ ದ್ರವದಲ್ಲಿ ಒದ್ದೆ ಮಾಡಿ ತೆಗೆಯಬಹುದು, ಮರುದಿನ ಆಗುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ, ಗಾಳಿಯಾಡುವ ಜಾಗವಿರಲಿ. ಬಳಸಿದ ಬಟ್ಟೆ ಒಣಗಿದ ಮೇಲೆ ಒರಟಾಗಿ ಗೀರು ಹಾಕುತ್ತದೆ, ತೊಳೆದು ಮತ್ತೆ ಬಳಸಬೇಡಿ. 24 ಗಂಟೆ ನೀರೂ ಇಬ್ಬನಿಯೂ ತಾಗಬಾರದು. ಒಂದು ವಾರ ಸೋಪು ಬೇಡ.

ಪ್ರಶ್ನೆ: ಸೆರಾಮಿಕ್ಕಿನ ಡಬ್ಬಿಯ ಮೇಲೆ ಬರೆಯುವ 9ಎಚ್ ಗಡಸುತನ ಎಂದರೆ ಗೀರೇ ಬೀಳುವುದಿಲ್ಲವಂತೆ?

ಅದು ಪೆನ್ಸಿಲ್ಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಂಕ, ವಜ್ರಕ್ಕೆ ಹತ್ತು ಕೊಡುವ ಖನಿಜಗಳ ಅಳತೆಯದಲ್ಲ. ಕಟ್ಟೆಗೆ ಬಡಿಯದಂತೆ ಪಕ್ಕಕ್ಕೆ ತೂಗುಹಾಕುವ ಫೆಂಡರಿಗೂ ಬೋಟಿಗೂ ನಡುವೆ ಸಿಕ್ಕ ಮರಳು ಸಾಕು ಗೀರಲು.

ಪ್ರಶ್ನೆ: ಬೋಟು ಸದಾ ನೀರಿನಲ್ಲೇ ಇರುತ್ತದೆ. ತಳಕ್ಕೂ ಸೆರಾಮಿಕ್ ಹಾಕಿದರೆ ಚಿಪ್ಪು ಹಿಡಿಯುವುದಿಲ್ಲವೇ?

ಹಿಡಿಯುತ್ತದೆ. ಆ ಕೆಲಸ ಆಂಟಿಫೌಲಿಂಗ್ ಪೇಂಟಿನದು. ವ್ಯಾಕ್ಸ್ ಆಗಲಿ ಸೆರಾಮಿಕ್ ಆಗಲಿ ನೀರಿನ ಗೆರೆ ದಾಟಿ ಇಳಿದರೆ ಆ ಪೇಂಟ್ ಅಲ್ಲಿ ಕಚ್ಚುವುದೇ ಇಲ್ಲ. ಗೆರೆಗೆ ಟೇಪ್ ಹಾಕಿಕೊಂಡು ಕೆಲಸ ಮಾಡಿ.

ಪ್ರಶ್ನೆ: ಬಿಸಿಲಿಗೆ ವ್ಯಾಕ್ಸ್ ಕರಗಿ ಹರಿದುಹೋಗುತ್ತದೆ ಎನ್ನುತ್ತಾರೆ.

ಬೋಟಿನ ವ್ಯಾಕ್ಸುಗಳಲ್ಲಿ ಬಳಸುವ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಮೇಣ ಕರಗಲು 80 ಡಿಗ್ರಿಗೂ ಮೀರಿದ ಕಾವು ಬೇಕು. ವ್ಯಾಕ್ಸ್ ಸವೆಯುವುದು ಅತಿನೇರಳೆ ಕಿರಣ, ಉಪ್ಪುನೀರು, ಚೆಲ್ಲಿದ ಪೆಟ್ರೋಲು ಮತ್ತು ನೀವು ಬಳಸುವ ಖಾರವಾದ ಸೋಪಿನಿಂದ.

ಪ್ರಶ್ನೆ: ಡೆಕ್ಕಿಗೂ ವ್ಯಾಕ್ಸ್ ಹಚ್ಚಬಹುದೇ?

ಕಾಲಿಡುವ ಜಾಗಕ್ಕೆ ಖಂಡಿತ ಬೇಡ. ಒದ್ದೆಯಾದಾಗ ಜಾರಿ ನೀರಿಗೆ ಬೀಳುತ್ತೀರಿ. ಕಾಲು ಜಾರದ ಡೆಕ್ಕಿಗೆಂದೇ ಬೇರೆ ಸೀಲರ್ ಇದೆ.

ಪ್ರಶ್ನೆ: ಸೆರಾಮಿಕ್ ಹಾಕಿಸಿ ನಾಲ್ಕು ತಿಂಗಳಷ್ಟೇ. ನೀರು ಹನಿಗಟ್ಟುವುದು ನಿಂತಿದೆ. ಕೋಟಿಂಗ್ ಹೋಯಿತೇ?

ಬಹುಶಃ ಹೋಗಿಲ್ಲ, ಅದರ ಮೇಲೆ ಉಪ್ಪು ಮತ್ತು ನೀರಿನ ಖನಿಜ ಕೂತಿದೆ. ಹನಿಯಾಗಿ ನಿಂತ ನೀರು ಆರಿದಾಗ ಕಲೆ ಬಿಡುವುದು ಸೆರಾಮಿಕ್ಕಿಗೂ ತಪ್ಪಿದ್ದಲ್ಲ. ಮೈ ತಣ್ಣಗಿರುವಾಗ ಸೌಮ್ಯ ಸೋಪಿನಲ್ಲಿ ತೊಳೆಯಿರಿ. ಆಮೇಲೆ ಒಂದು ಚೌಕಕ್ಕೆ ಮಾತ್ರ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಒಣಗುವ ಮೊದಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಆ ಚೌಕದಲ್ಲಿ ನೀರು ಮತ್ತೆ ಹನಿಗಟ್ಟಿದರೆ ಉಳಿದದ್ದಕ್ಕೂ ಹಾಗೇ ಮಾಡಿ. ಹನಿಗಟ್ಟದಿದ್ದರೆ ಹಾಕಿದವರನ್ನು ಕರೆಸಿ, ಹಾಕುವ ಮೊದಲು ಆಲ್ಕೊಹಾಲಿನಲ್ಲಿ ಒರೆಸಿದ್ದರೇ ಎಂದು ಕೇಳಿ. ಎಣ್ಣೆಯ ಮೇಲೆ ಹಾಕಿದ ಕೋಟಿಂಗ್ ಇಷ್ಟು ಬೇಗ ಎದ್ದುಹೋಗುತ್ತದೆ, ಅದರ ಮೇಲೆ ಇನ್ನೊಂದು ಪದರ ಬಳಿಯಲು ಒಪ್ಪಬೇಡಿ.